ಮುದ್ದೇನಹಳ್ಳಿಯ ಇಂಜಿನಿಯರ್ ಮತ್ತು ನಮ್ಮ ತಲೆ ಮೇಲಿನ ಹೆಲ್ಮೆಟ್

ಸೆಪ್ಟೆಂಬರ್ 15 ಬಂತು ಅಂದ್ರೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಏನೇನು ನಡೆಯುತ್ತೆ ಅಂತ ನಮಗೆಲ್ಲ ಗೊತ್ತೇ ಇದೆ. ಮೈಸೂರು ಪೇಟ, ಕೋಟು, ಕನ್ನಡಕದ ಆ ಫೋಟೋಗೆ ಒಂದು ಹಾರ, ಒಂದು ಭಾಷಣ, ಒಂದು ಕ್ವಿಜ್. ಆಮೇಲೆ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೋ. ಜೊತೆಗೆ ಎರಡು ಕಥೆ ತಪ್ಪದೇ ಬರುತ್ತವೆ. ಒಂದು, ಸರ್ಕಾರಿ ಮೇಣದಬತ್ತಿ ಆರಿಸಿ ಸ್ವಂತ ಮೇಣದಬತ್ತಿ ಹಚ್ಚಿದ ಕಥೆ. ಇನ್ನೊಂದು, ರೈಲಿನ ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಅಂತ ಹೇಳಿದ ಕಥೆ. ಈ ಎರಡನ್ನೂ ನಾವು ಈ ಸಲ ಪಕ್ಕಕ್ಕೆ ಇಡ್ತೀವಿ. ಯಾಕೆ ಅಂದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದಲ್ಲಿ ಇವಕ್ಕಿಂತ ನಮಗೆ ಹೆಚ್ಚು ಉಪಯೋಗಕ್ಕೆ ಬರುವ, ಆದರೆ ಕ್ವಿಜ್‌ನಲ್ಲಿ ಯಾರೂ ಕೇಳದ ವಿಷಯಗಳಿವೆ.

ಇನ್ನು ಎರಡು ವರ್ಷಕ್ಕೆ ನಮ್ಮಲ್ಲಿ ಅರ್ಧ ಜನ ಯಾವುದೋ ಸೈಟಿನಲ್ಲಿ, ಫ್ಯಾಕ್ಟರಿಯಲ್ಲಿ, ಸಬ್‌ಸ್ಟೇಷನ್‌ನಲ್ಲಿ ನಿಂತಿರುತ್ತೇವೆ. ನಮ್ಮ ಕೈಕೆಳಗೆ ನಮಗಿಂತ ದೊಡ್ಡ ವಯಸ್ಸಿನ ಮೇಸ್ತ್ರಿಗಳು, ಗಾರೆ ಕೆಲಸದವರು, ವೆಲ್ಡರ್‌ಗಳು ಕೆಲಸ ಮಾಡುತ್ತಿರುತ್ತಾರೆ. ಅವರು ಸಂಜೆ ಮನೆಗೆ ವಾಪಸ್ ಹೋಗೋದು ಎಷ್ಟೋ ಸಲ ನಮ್ಮ ಒಂದು ಸಹಿಯ ಮೇಲೆ ನಿಂತಿರುತ್ತೆ. ಆ ಕಣ್ಣಿನಿಂದ ನಮ್ಮ ಜಿಲ್ಲೆಯ ಈ ಹಿರಿಯರ ಜೀವನವನ್ನು ಇನ್ನೊಮ್ಮೆ ಓದೋಣ.

ಮುದ್ದೇನಹಳ್ಳಿಯಿಂದ ಪುಣೆಗೆ

ಚಿಕ್ಕಬಳ್ಳಾಪುರದಿಂದ ಸ್ವಲ್ಪ ದೂರ, ನಂದಿಬೆಟ್ಟದ ಬುಡದ ಕಡೆ ಇರುವ ಊರು ಮುದ್ದೇನಹಳ್ಳಿ. ಅಲ್ಲಿ 1861ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಒಂದು ಊರು, ಅವರ ಪೂರ್ವಿಕರು ಅಲ್ಲಿಂದ ಬಂದವರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಗೌರಿಬಿದನೂರು, ಚಿಂತಾಮಣಿ ಕಡೆಯಿಂದ ಬರುವ ನಮ್ಮ ಗೆಳೆಯರಿಗೆ ಇದೇನೂ ಹೊಸದಲ್ಲ, ಅವರ ಮನೆಗಳಲ್ಲಿ ಇವತ್ತಿಗೂ ಹಾಗೇ.

ಚಿಕ್ಕಬಳ್ಳಾಪುರದಲ್ಲಿ ಓದುತ್ತಿದ್ದಾಗಲೇ ತಂದೆ ತೀರಿಕೊಂಡರು. ದುಡಿಯುವವರು ಹೋದ ಮೇಲೆ ಒಂದು ಮನೆ ಹೇಗಿರುತ್ತೆ ಅನ್ನೋದು ಅವರಿಗೆ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ. ಸೋದರಮಾವನ ಆಸರೆಯಿಂದ ಬೆಂಗಳೂರಿಗೆ ಬಂದರು, ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ಖರ್ಚು ತೂಗಿಸಿದರು, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು. ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು.

ಒಂದು ಕಾಕತಾಳೀಯ ನೋಡಿ. ಅದೇ 1884ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಸರ್ಕಾರ ಕಾರ್ಮಿಕರ ಅಪಘಾತ ವಿಮೆಯ ಕಾನೂನು ತಂದಿತು. ಅದುವರೆಗೆ ಮಷಿನ್‌ಗೆ ಕೈ ಕೊಟ್ಟ ಕೆಲಸಗಾರ ಕೋರ್ಟಿಗೆ ಹೋಗಿ, ತಪ್ಪು ಮಾಲೀಕನದ್ದೇ ಅಂತ ತಾನೇ ಸಾಬೀತು ಮಾಡಬೇಕಿತ್ತು. ಹೊಸ ಕಾನೂನು ಆ ಪ್ರಶ್ನೆಯನ್ನೇ ತೆಗೆದುಹಾಕಿತು. ಮಾಲೀಕರೆಲ್ಲ ಸೇರಿ ವಿಮೆಯ ಕಂತು ಕಟ್ಟಬೇಕು, ಅಪಘಾತ ಆದರೆ ತಪ್ಪು ಯಾರದು ಅಂತ ಕೇಳದೆ ಆ ನಿಧಿಯಿಂದ ಪರಿಹಾರ ಕೊಡಬೇಕು. ಬ್ರಿಟನ್ 1897ರಲ್ಲಿ ತನ್ನದೇ ಪರಿಹಾರ ಕಾನೂನು ಮಾಡಿತು. ನಮ್ಮ ದೇಶಕ್ಕೆ ಅದು ಬರೋಕೆ 1923ರ ತನಕ ಕಾಯಬೇಕಾಯ್ತು. ವಿಶ್ವೇಶ್ವರಯ್ಯನವರು ಕಟ್ಟಿದ ದೊಡ್ಡ ದೊಡ್ಡ ಕೆಲಸಗಳಲ್ಲಿ ಬಹುಪಾಲು ಈ ನಡುವಿನ ನಲವತ್ತು ವರ್ಷದಲ್ಲೇ ಆದವು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮಳೆಗಾಲ ಮುಗಿಯಲಿ ಅಂತ ಬರೆದ ಪತ್ರ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರನ್ನು ಖಾನ್‌ದೇಶ್ ಜಿಲ್ಲೆಗೆ, ಧುಳೆ ಕಡೆಗೆ ಹಾಕಿದರು. ಅಲ್ಲಿ ಪಾಂಝ್ರಾ ನದಿಯ ಹತ್ತಿರ ಒಂದು ಪೈಪ್ ಸೈಫನ್ ಕಟ್ಟಬೇಕಿತ್ತು. ಅಂದ್ರೆ ಕಾಲುವೆಯ ನೀರನ್ನು ಹರಿಯುವ ನೀರಿನ ಕೆಳಗೆ ಪೈಪಿನಲ್ಲಿ ದಾಟಿಸಿ ಆಚೆ ದಡದಲ್ಲಿ ಮೇಲೆತ್ತೋದು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ತತ್ವ ಸುಲಭ. ಆದರೆ ಕೆಲಸ ನಡೆಯೋದು ಪಾತ್ರದ ಒಳಗೆ, ಮತ್ತು ಮಳೆಗಾಲ ಶುರುವಾಗಿತ್ತು. ಅಗೆದ ಗುಂಡಿಗೆ ಮರಳು, ಹೂಳು ಬಂದು ತುಂಬಿಕೊಳ್ಳುತ್ತಿತ್ತು. ಯಾವ ಹೊತ್ತಿನಲ್ಲಿ ಪ್ರವಾಹ ಬರುತ್ತೋ ಹೇಳೋಕೆ ಆಗುತ್ತಿರಲಿಲ್ಲ.

ಇಪ್ಪತ್ತೈದು ತುಂಬದ ಹುಡುಗ ತನ್ನ ಮೇಲಧಿಕಾರಿಗೆ ಪತ್ರ ಬರೆದರು. ಮಳೆಗಾಲ ಮುಗಿಯುವವರೆಗೆ ಕೆಲಸ ಮುಂದಕ್ಕೆ ಹಾಕೋಣ ಅನ್ನೋದು ಅದರ ಸಾರಾಂಶ. ಮೇಲಧಿಕಾರಿಗೆ ಇದು ಹಿಡಿಸಲಿಲ್ಲ. ಹೊಸ ಹುಡುಗನಿಗೆ ಶಿಸ್ತು, ವಿಧೇಯತೆ ಇಲ್ಲ ಅನ್ನುವ ಅರ್ಥದಲ್ಲಿ ಉತ್ತರ ಬಂತು. ವಿಶ್ವೇಶ್ವರಯ್ಯ ಮರುಮಾತಾಡದೆ ಕೆಲಸ ಕೈಗೆತ್ತಿಕೊಂಡರು, ಸುಮಾರು ಎರಡು ತಿಂಗಳಲ್ಲಿ ಮುಗಿಸಿದರು. ಆಮೇಲೆ ಅದೇ ಅಧಿಕಾರಿ ಮೆಚ್ಚಿಕೊಂಡರು.

ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆ ಅಂತ ಹೇಳ್ತಾರೆ. ಮಳೆಯಲ್ಲೂ ಮುಗಿಸಿಯೇಬಿಟ್ಟರು ಅಂತ ಚಪ್ಪಾಳೆ. ನಮಗೆ ಮಾತ್ರ ಅದರ ಮೊದಲ ಭಾಗ ದೊಡ್ಡದು ಅನ್ನಿಸುತ್ತೆ. ಕೆಲಸಕ್ಕೆ ಸೇರಿ ವರ್ಷ ಕೂಡ ಸರಿಯಾಗಿ ಕಳೆದಿರದ ಒಬ್ಬ ಜೂನಿಯರ್ ಇಂಜಿನಿಯರ್, ಬ್ರಿಟಿಷ್ ಕಾಲದಲ್ಲಿ, ಈಗ ಈ ಜಾಗದಲ್ಲಿ ಕೆಲಸ ಬೇಡ ಅಂತ ಬಾಯಿಮಾತಲ್ಲಲ್ಲ, ಕಾಗದದ ಮೇಲೆ ಬರೆದುಕೊಟ್ಟರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಸ್ಟಾಪ್ ವರ್ಕ್ ನೋಟ್. ಅದಕ್ಕೆ ಸಿಕ್ಕಿದ್ದು ಕೆಟ್ಟ ರಿಮಾರ್ಕ್. ನೂರ ನಲವತ್ತು ವರ್ಷ ಆದರೂ ಈ ಲೆಕ್ಕ ಪೂರ್ತಿ ಬದಲಾಗಿಲ್ಲ. ಕೆಲಸ ನಿಲ್ಲಿಸಿ ಅಂದವನಿಗೆ ಅಂಜುಬುರುಕ ಅನ್ನೋ ಹೆಸರು, ಹೇಗೋ ಮುಗಿಸಿದವನಿಗೆ ಶಹಬ್ಬಾಸ್. ಎರಡು ತಿಂಗಳಲ್ಲಿ ನೀರು ಏರಿ ನಾಲ್ಕು ಜನ ಕೊಚ್ಚಿಹೋಗಿದ್ದರೆ ಅದೇ ಪತ್ರದ ಬೆಲೆ ಏನಾಗಿರುತ್ತಿತ್ತು ಅಂತ ಒಂದು ನಿಮಿಷ ಯೋಚಿಸಿ.

ತಾವೇ ತೆರೆದುಕೊಳ್ಳುವ ಗೇಟುಗಳು

ಅಲ್ಲಿಂದ ಅವರ ಕೆಲಸ ಬೆಳೆಯುತ್ತಾ ಹೋಯಿತು. ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು, 1898ರಲ್ಲಿ ಜಪಾನ್ ಪ್ರವಾಸ, ಪುಣೆ ಸುತ್ತ ನೀರಾವರಿಯಲ್ಲಿ ಬ್ಲಾಕ್ ಪದ್ಧತಿ. ನಾವು ನಿಲ್ಲಬೇಕಾದ ಜಾಗ ಖಡಕ್‌ವಾಸ್ಲಾ. ಪುಣೆಗೆ ನೀರು ಕೊಡುವ ಈ ಜಲಾಶಯಕ್ಕೆ ಬ್ರಿಟಿಷರು ಲೇಕ್ ಫೈಫ್ ಅಂತ ಹೆಸರಿಟ್ಟಿದ್ದರು. ಮಳೆಗಾಲದಲ್ಲಿ ನೀರು ಕೋಡಿ ಮೇಲೆ ಹಲವು ಅಡಿ ಎತ್ತರಕ್ಕೆ ಹರಿದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಅಣೆಕಟ್ಟನ್ನೇ ಎತ್ತರಿಸಿದರೆ ಗೋಡೆಯ ಮೇಲೆ ಒತ್ತಡ ಜಾಸ್ತಿಯಾಗುತ್ತೆ, ಖರ್ಚೂ ಜಾಸ್ತಿ.

ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ನಿಗದಿತ ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿಯೇ ಇರುತ್ತೆ. ಆ ಮಟ್ಟ ದಾಟಿದ ಕೂಡಲೇ ನೀರಿನ ಬಲ ಮತ್ತು ಸಮತೂಕದ ಭಾರ ಸೇರಿ ಗೇಟು ತಾನೇ ತೆರೆಯುತ್ತೆ, ಪ್ರವಾಹ ಇಳಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತೆ. 1903ರ ಹೊತ್ತಿಗೆ ಇವು ಕೆಲಸ ಮಾಡತೊಡಗಿದವು. ಮೂಲ ಕೋಡಿಗಿಂತ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಪೇಟೆಂಟ್ ಅವರ ಹೆಸರಲ್ಲಿತ್ತು, ಆದರೂ ಇಲಾಖೆಯ ಕೆಲಸಕ್ಕೆ ರಾಯಲ್ಟಿ ಬೇಡ ಅಂದರು.

ನೀರು ಉಳೀತು ಅನ್ನೋದು ಎಲ್ಲರೂ ಹೇಳುವ ಮಾತು. ಇನ್ನೊಂದು ಕಡೆಯಿಂದ ನೋಡಿ. ಮಧ್ಯರಾತ್ರಿ, ಜೋರು ಮಳೆ, ತುಂಬಿ ನಿಂತ ಜಲಾಶಯ. ಕೈಯಿಂದ ತೆರೆಯುವ ಗೇಟಾಗಿದ್ದರೆ ಯಾರೋ ಒಬ್ಬ ಲಾಟೀನು ಹಿಡಿದು ಜಾರುವ ಗೋಡೆ ಮೇಲೆ ನಡೆದು ಹೋಗಬೇಕು. ಅವನು ತಡ ಮಾಡಿದರೆ ಕೆಳಗಿನ ಊರಿಗೆ ಅಪಾಯ, ಹೋದರೆ ಅವನಿಗೇ ಅಪಾಯ. ತಾನೇ ತೆರೆಯುವ ಗೇಟು ಆ ಮನುಷ್ಯನನ್ನು ಅಪಾಯದ ಜಾಗದಿಂದ ಪೂರ್ತಿ ಹೊರಗೆ ತಂದುಬಿಡುತ್ತೆ. ಸುರಕ್ಷತಾ ಪಾಠದಲ್ಲಿ ನಾವು ಕಲಿಯುವ ಕ್ರಮ ಇದೇ ಅಲ್ಲವಾ? ಮೊದಲು ಅಪಾಯವನ್ನೇ ತೆಗೆಯಿರಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ. ಆಮೇಲೆ ವಿನ್ಯಾಸದಿಂದ ಮನುಷ್ಯನನ್ನೂ ಅಪಾಯವನ್ನೂ ದೂರ ಮಾಡಿ. ಆಮೇಲೆ ನಿಯಮ, ತರಬೇತಿ, ಬೋರ್ಡು. ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್, ಗ್ಲೌಸ್, ಬೂಟು. ನಮ್ಮ ಸೈಟುಗಳಲ್ಲಿ ಈ ಪಟ್ಟಿ ತಲೆಕೆಳಗಾಗಿ ನಡೆಯುತ್ತೆ. ಗೇಟಿನಲ್ಲಿ ಹೆಲ್ಮೆಟ್ ಕೊಟ್ಟರೆ ಸುರಕ್ಷತೆ ಮುಗೀತು.

ಗೇಟಿನ ಕಥೆಗೆ ಇನ್ನೊಂದು ಮುಖವೂ ಇದೆ. ಗ್ವಾಲಿಯರ್ ಹತ್ತಿರದ ತಿಗ್ರಾ ಅಣೆಕಟ್ಟಿನಲ್ಲೂ ಇಂಥ ಗೇಟುಗಳನ್ನು ಹಾಕಿದ್ದರು. ಆ ಅಣೆಕಟ್ಟು 1917ರ ಆಗಸ್ಟ್‌ನಲ್ಲಿ ಒಡೆಯಿತು. ಕೆಟ್ಟದ್ದು ಗೇಟಲ್ಲ. ಅಡಿಪಾಯದ ಮರಳುಗಲ್ಲಿನ ಪದರಗಳೊಳಗೆ ನೀರು ನುಗ್ಗಿ ಕೆಳಗಿನಿಂದ ಮೇಲಕ್ಕೆ ಒತ್ತಿ ಗೋಡೆಯನ್ನು ಜಾರಿಸಿತ್ತು. ಒಂದು ಭಾಗ ಎಷ್ಟೇ ಜಾಣತನದ್ದಾಗಿದ್ದರೂ ಕಟ್ಟಡದ ಭದ್ರತೆ ಅದರ ಅತಿ ದುರ್ಬಲ ಭಾಗದಷ್ಟೇ.

ಮೂಸಿ ನದಿ ಕಲಿಸಿದ್ದು

1908ರಲ್ಲಿ ಅವರು ಬಾಂಬೆ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿತು. 1909ರಲ್ಲಿ ಬಂದು ಮಳೆಯ ಲೆಕ್ಕ, ನದಿಯ ಜಲಾನಯನ ಪ್ರದೇಶ, ಒಡೆದ ಕೆರೆಗಳು, ಎಲ್ಲವನ್ನೂ ಅಳೆದರು. ಅವರ ವರದಿಯಲ್ಲಿ ಊರಿನ ದಡದ ಗೋಡೆಯ ಮಾತೂ ಇತ್ತು. ಆದರೆ ಮುಖ್ಯ ಸಲಹೆ ಬೇರೆಯದು. ಊರಿಗಿಂತ ಮೇಲೆ, ಮೂಸಿ ಮತ್ತು ಅದರ ಉಪನದಿ ಈಸಿಯ ಮೇಲೆ ಎರಡು ದೊಡ್ಡ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ಹಿಡಿದಿಟ್ಟುಕೊಳ್ಳಿ. ಹಾಗೆ ಬಂದದ್ದೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ.

ಅಪಾಯವನ್ನು ಜನರ ಮನೆ ಬಾಗಿಲಲ್ಲಿ ತಡೆಯೋದಲ್ಲ, ಅದು ಹುಟ್ಟುವ ಜಾಗದಲ್ಲೇ ತಡೆಯೋದು. ಸೈಫನ್, ಗೇಟು, ಜಲಾಶಯ, ಮೂರರಲ್ಲೂ ಇದೇ ಬುದ್ಧಿ ಕಾಣುತ್ತೆ.

ಕನ್ನಂಬಾಡಿಯ ಹತ್ತು ಸಾವಿರ ಜನ

1909ರ ಕೊನೆಯಲ್ಲಿ ಅವರು ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಯಿತು. ಇದಕ್ಕೆ ರೈತರ ನೀರಾವರಿ ಒಂದೇ ಕಾರಣವಲ್ಲ. 1902ರಿಂದ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಯ ಮಷಿನ್‌ಗಳು ನಿಲ್ಲುತ್ತಿದ್ದವು. ವರ್ಷವಿಡೀ ಒಂದೇ ಸಮ ನೀರು ಬಿಡೋಕೆ ಮೇಲೊಂದು ಜಲಾಶಯ ಬೇಕಿತ್ತು.

ಸಿಮೆಂಟ್ ಹೊರಗಿನಿಂದ ತರಿಸಬೇಕಾಗಿದ್ದ ಕಾಲ. ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ ಬೆರೆಸಿದ ಸುರ್ಕಿ ಗಾರೆಯಿಂದ ಕಲ್ಲು ಕೂಡಿಸಿದರು. ಮಳೆಗಾಲದೊಳಗೆ ಗೋಡೆಯನ್ನು ಒಂದು ಎತ್ತರಕ್ಕೆ ತರಲೇಬೇಕು ಅಂತ ಹಗಲು ರಾತ್ರಿ ದೀಪದ ಬೆಳಕಿನಲ್ಲಿ ಕೆಲಸ ನಡೆಯಿತು. ಕೆಲಸಗಾರರ ಸಂಖ್ಯೆ ಹತ್ತು ಸಾವಿರದ ತನಕ ಏರಿತ್ತು. 124.8 ಅಡಿ ಅನ್ನುವ ಸಂಖ್ಯೆ ಇವತ್ತಿಗೂ ಮಳೆಗಾಲದಲ್ಲಿ ಟಿವಿಯಲ್ಲಿ ಬರುತ್ತೆ.

ಆ ಹತ್ತು ಸಾವಿರ ಜನ ಮಾತ್ರ ಪುಸ್ತಕಗಳಲ್ಲಿ ಒಂದು ಸಂಖ್ಯೆಯಾಗಿ ಬಂದು ಹೋಗ್ತಾರೆ. ಕಲ್ಲು ಹೊತ್ತವರು, ಗಾರೆ ಕಲಸಿದವರು, ಸುಣ್ಣದ ದೂಳು ಕುಡಿದವರು. ಅವರಲ್ಲಿ ಯಾರಾದರೂ ಬಿದ್ದು ಸೊಂಟ ಮುರಿದುಕೊಂಡರೆ ಪರಿಹಾರ ಕೇಳೋಕೆ ಕಾರ್ಮಿಕ ಪರಿಹಾರ ಕಾನೂನು ಆಗ ಮೈಸೂರಿನಲ್ಲೂ ಇರಲಿಲ್ಲ, ಬ್ರಿಟಿಷ್ ಇಂಡಿಯಾದಲ್ಲೂ ಇರಲಿಲ್ಲ. ಮೇಲಿನವರ ದಯೆ ಇದ್ದರೆ ಏನಾದರೂ ಸಿಗಬಹುದು, ಹಕ್ಕು ಅಂತ ಏನೂ ಇಲ್ಲ. ಈ ವಿದ್ಯುತ್ ಹೋಗುತ್ತಿದ್ದ ಕೆಜಿಎಫ್‌ನಲ್ಲೂ ಪರಿಸ್ಥಿತಿ ಸುಲಭವಾಗಿರಲಿಲ್ಲ. ಗಣಿ ಆಳವಾದಂತೆ ಬಂಡೆ ಸಿಡಿಯೋದು, ಉಸಿರಿನ ಜೊತೆ ಸಿಲಿಕಾ ದೂಳು ಶ್ವಾಸಕೋಶ ಸೇರೋದು, ಎರಡೂ ಅಲ್ಲಿನ ಕೆಲಸಗಾರರ ಜೀವನದ ಭಾಗವಾಗಿದ್ದವು. 2007ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವ ತನಕ ಮುದ್ದೇನಹಳ್ಳಿಯೂ ಕೆಜಿಎಫ್ಫೂ ಒಂದೇ ಕೋಲಾರ ಜಿಲ್ಲೆ. ಒಂದು ತುದಿಯಲ್ಲಿ ಇಂಜಿನಿಯರ್ ಹುಟ್ಟಿದ ಮನೆ, ಇನ್ನೊಂದು ತುದಿಯಲ್ಲಿ ಅವರ ಕಟ್ಟೆಯ ವಿದ್ಯುತ್ತಿನಿಂದ ಪಾತಾಳಕ್ಕೆ ಇಳಿಯುತ್ತಿದ್ದವರ ಸಾಲುಮನೆಗಳು.

ದಿವಾನರು, ಭದ್ರಾವತಿ ಮತ್ತು 1923

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಮೈಸೂರು ಬ್ಯಾಂಕ್ 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾಲಯ 1916, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು 1917, ಗಂಧದ ಎಣ್ಣೆ, ಸಾಬೂನು. ಪಟ್ಟಿ ನಮಗೆಲ್ಲ ಬಾಯಿಪಾಠ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಷಯದಲ್ಲಿ, ಮಿಲ್ಲರ್ ಸಮಿತಿ ನೇಮಕದ ಸಮಯದಲ್ಲಿ, ಅವರ ನಿಲುವು ಮಹಾರಾಜರ ನಿಲುವಿಗಿಂತ ಬೇರೆಯಾಗಿತ್ತು. 1918ರ ಕೊನೆಗೆ ಹುದ್ದೆ ಬಿಟ್ಟರು. ಆ ವಿಷಯದಲ್ಲಿ ಮುಂದೆ ನಾಡು ನಡೆದದ್ದು ಸಮಿತಿಯ ದಾರಿಯಲ್ಲಿ, ನಮ್ಮ ತರಗತಿಗಳೇ ಅದಕ್ಕೆ ಸಾಕ್ಷಿ.

1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ಕಷ್ಟದಲ್ಲಿದ್ದಾಗ ಅವರೇ ಅದರ ಅಧ್ಯಕ್ಷರಾಗಿ 1929ರವರೆಗೆ ನಡೆಸಿದರು. ಆ ಕೆಲಸಕ್ಕೆ ಬಂದ ಹಣವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಯುವಕರಿಗೆ ಕಸುಬು ಕಲಿಸುವ ಶಾಲೆಗೆ ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್ಸ್ಟಿಟ್ಯೂಟ್ 1943ರಲ್ಲಿ ಹಾಗೆ ಆಯಿತು. ತರಬೇತಿ ಇಲ್ಲದವನನ್ನು ಮಷಿನ್ ಮುಂದೆ ನಿಲ್ಲಿಸಬಾರದು ಅನ್ನೋದು ಸುರಕ್ಷತೆಯ ಮೊದಲ ಪಾಠ ಅಂತ ಲ್ಯಾಬಿನಲ್ಲಿ ನಮಗೆ ಹೇಳ್ತಾರೆ. ಕುಲುಮೆ, ಲೇತು, ವೆಲ್ಡಿಂಗ್ ಯಾವುದೇ ಇರಲಿ, ಕಲಿತ ಕೈಗೆ ಗಾಯ ಕಡಿಮೆ.

ಭದ್ರಾವತಿಯ ಕುಲುಮೆ ಹೊತ್ತಿಕೊಂಡ ಅದೇ 1923ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಪಾಸಾಯಿತು, 1924ರ ಜುಲೈ 1ರಿಂದ ಜಾರಿಗೆ ಬಂತು. ಮೈಸೂರು ಬೇರೆ ಸಂಸ್ಥಾನ, ಆದ್ದರಿಂದ ಅದು ಇಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅದೇ ಕಾಯ್ದೆ ನಮ್ಮದೂ ಆಯಿತು. 1948ರಲ್ಲಿ ಇಎಸ್‌ಐ ಕಾಯ್ದೆ ಬಂತು. 1923ರ ಕಾಯ್ದೆಯ ಅಂಶಗಳನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ.

ಕಾನೂನು ಅಂದ್ರೆ ನಮಗೆ ಬೋರು. ಆದರೆ ಇದರಲ್ಲಿ ಫಾರ್ಮುಲಾ ಇದೆ, ಅದು ನಮ್ಮ ಭಾಷೆ. ಕೆಲಸದಲ್ಲಿ ಅಪಘಾತವಾಗಿ ಸಾವು ಬಂದರೆ ಪರಿಹಾರ = ತಿಂಗಳ ಸಂಬಳದ ಅರ್ಧ × ವಯಸ್ಸಿಗೆ ತಕ್ಕ ಅಂಶ. ವಯಸ್ಸು ಕಡಿಮೆ ಇದ್ದಷ್ಟೂ ಅಂಶ ದೊಡ್ಡದು, ಯಾಕೆಂದ್ರೆ ದುಡಿಯುವ ವರ್ಷಗಳು ಹೆಚ್ಚು ಹೋಗಿವೆ. 20 ವರ್ಷಕ್ಕೆ 224.00, 30ಕ್ಕೆ 207.98, 50ಕ್ಕೆ 153.09. ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಬಳಕ್ಕೆ 2020ರಲ್ಲಿ ನಿಗದಿಯಾದ ಮಿತಿ 15,000 ರೂಪಾಯಿ. 30 ವರ್ಷದ ಒಬ್ಬ ಬಾರ್ ಬೆಂಡರ್ ತಿಂಗಳಿಗೆ 18,000 ದುಡಿಯುತ್ತಿದ್ದ ಅಂತ ಇಟ್ಟುಕೊಳ್ಳಿ. 7,500 × 207.98, ಅಂದ್ರೆ 15,59,850 ರೂಪಾಯಿ. ಶಾಶ್ವತವಾಗಿ ಪೂರ್ತಿ ಅಂಗವೈಕಲ್ಯ ಆದರೆ ಅರ್ಧದ ಬದಲು ಶೇ. 60.

ಇದರಲ್ಲಿ ಮೂರು ಮಾತು ನೆನಪಿಡಬೇಕು. ಒಂದು, ತಪ್ಪು ಮಾಲೀಕನದ್ದು ಅಂತ ಕೆಲಸಗಾರನ ಮನೆಯವರು ಸಾಬೀತು ಮಾಡಬೇಕಾಗಿಲ್ಲ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ, ಅವನು ಬೆಲ್ಟ್ ಹಾಕಿರಲಿಲ್ಲ, ಹೇಳಿದ ಮಾತು ಕೇಳಲಿಲ್ಲ ಅನ್ನೋ ನೆಪ ಹೇಳಿಯೂ ಪರಿಹಾರ ತಪ್ಪಿಸೋಕೆ ಆಗಲ್ಲ. ಎರಡು, ಕೆಲಸಗಾರ ಕಂಟ್ರಾಕ್ಟರ್ ಕಡೆಯವನಾದರೂ ಕೆಲಸ ಕೊಟ್ಟ ಮೂಲ ಸಂಸ್ಥೆಯ ಹೊಣೆ ಹೋಗಲ್ಲ. ಮೂರು, ಪರಿಹಾರ ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿ ಬೀಳುತ್ತೆ, ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದರೆ ದಂಡವೂ ಬೀಳುತ್ತೆ. ಸಣ್ಣ ಕಂಟ್ರಾಕ್ಟರ್ ಹತ್ತಿರ ಹದಿನೈದು ಲಕ್ಷ ಎಲ್ಲಿಂದ ಬರಬೇಕು? ಅದಕ್ಕೇ ವಿಮೆ. ಕೆಲಸ ಶುರುವಾಗುವ ಮೊದಲೇ ಪಾಲಿಸಿ ಮಾಡಿಸಿದ್ದರೆ ಕಂಟ್ರಾಕ್ಟರ್ ಮುಳುಗಲ್ಲ, ಆ ಮನೆಯೂ ಮುಳುಗಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳು

ಇದೆಲ್ಲ ದೂರದ ಮಾತಲ್ಲ. 2021ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಪೇರೇಸಂದ್ರದ ಹತ್ತಿರ ಹಿರೇನಾಗವಲ್ಲಿಯಲ್ಲಿ, ಕಲ್ಲು ಕ್ವಾರಿಗೆ ಸಂಬಂಧಿಸಿದ ಜಿಲೆಟಿನ್ ಸ್ಫೋಟವಾಗಿ ಆರು ಜನ ಸತ್ತರು. ವಿಶ್ವೇಶ್ವರಯ್ಯನವರ ಊರಿನ ಸುತ್ತಲಿನ ಇದೇ ಬೆಟ್ಟಗುಡ್ಡಗಳ ನಾಡಿನಲ್ಲಿ ಇವತ್ತು ಕ್ವಾರಿ, ಕ್ರಷರ್‌ಗಳು ಓಡುತ್ತಿವೆ. ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ ಇಲ್ಲಿಂದಲೂ ಹೋಗುತ್ತೆ. ಕ್ರಷರ್ ದೂಳಿಗೆ ನೀರು ಚಿಮುಕಿಸೋದು, ಸ್ಫೋಟಕವನ್ನು ಲೈಸೆನ್ಸ್ ಇರುವ ಜಾಗದಲ್ಲಿ ಮಾತ್ರ ಇಡೋದು, ಎರಡೂ ರಾಕೆಟ್ ಸೈನ್ಸ್ ಅಲ್ಲ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ನಮಗೆ ಹೆಮ್ಮೆ. ಅಲ್ಲಿನ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಗೂಡುಗಳನ್ನು ಕುದಿಯುವ ನೀರಲ್ಲಿ ಬೇಯಿಸಿ, ಬಿಸಿ ನೀರೊಳಗಿನಿಂದ ಎಳೆ ಹಿಡಿದು ಎತ್ತಬೇಕು. ದಿನವಿಡೀ ಒದ್ದೆಯಾಗಿರುವ ಬೆರಳುಗಳ ಚರ್ಮ ಸುಲಿಯುತ್ತೆ, ಹಬೆ ಮತ್ತು ಹುಳುವಿನ ವಾಸನೆ ತುಂಬಿದ ಕೋಣೆಯಲ್ಲಿ ಉಸಿರಾಟದ ತೊಂದರೆ ಬರುತ್ತೆ. ಆ ಕೆಲಸ ಮಾಡುವವರಲ್ಲಿ ತುಂಬಾ ಜನ ಹೆಂಗಸರು. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಕಂಟ್ರಾಕ್ಟ್ ಮೇಲೆ ಬರುವ ಹುಡುಗರು, ಚಿಂತಾಮಣಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಗಳು, ಇವರೂ ಇದೇ ಸಾಲಿನವರು.

ಇಎಸ್‌ಐ ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗಕ್ಕೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ. ಕೆಲಸಗಾರನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. ಹತ್ತು ಜನ ಇಲ್ಲದ ಸಣ್ಣ ಘಟಕ ಇದರಿಂದ ಹೊರಗೆ ಉಳಿಯುತ್ತೆ. ಕಟ್ಟಡ ಕೆಲಸದವರಿಗೆ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇದೆ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕು, ಆದರೆ ನೋಂದಣಿ ಮಾಡಿಸಿರಬೇಕು. ಬಿದ್ದ ಮೇಲೆ ಕಾರ್ಡ್ ಹುಡುಕಿದರೆ ಪ್ರಯೋಜನ ಇಲ್ಲ. ಅಂದಹಾಗೆ ಅಪ್ರೆಂಟಿಸ್ ಆಗಿ ಹೋಗುವವರಿಗೂ ಈ ರಕ್ಷಣೆ ಉಂಟು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ತರಬೇತಿ ವೇಳೆ ಗಾಯವಾದರೆ ಪರಿಹಾರದ ಹೊಣೆ ಕೆಲಸ ಕೊಟ್ಟವರದ್ದೇ.

ಕೊನೆಯ ವರ್ಷಗಳು

ವಯಸ್ಸು ತೊಂಬತ್ತು ದಾಟಿದ ಮೇಲೂ ವಿಶ್ವೇಶ್ವರಯ್ಯ ಸೈಟಿಗೆ ಹೋಗೋದು ಬಿಡಲಿಲ್ಲ. ಬಿಹಾರದ ಮೊಕಾಮಾ ಹತ್ತಿರ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ನಿರ್ಧರಿಸಲು ಸರ್ಕಾರ ಅವರ ಸಲಹೆ ಕೇಳಿದಾಗ ತಾವೇ ಹೋಗಿ ಜಾಗ ನೋಡಿದರು. 1955ರಲ್ಲಿ ಭಾರತ ರತ್ನ ಬಂತು.

1961ರ ಜುಲೈ 12ರಂದು, ಅವರು ನೂರರ ಹೊಸ್ತಿಲಲ್ಲಿದ್ದಾಗ, ಪುಣೆ ಮೇಲಿನ ಪಾನ್‌ಶೆಟ್ ಅಣೆಕಟ್ಟು ಒಡೆಯಿತು. ಅದು ಇನ್ನೂ ಪೂರ್ತಿ ಮುಗಿದಿರಲಿಲ್ಲ, ಮೊದಲ ಸಲ ನೀರು ತುಂಬಿಕೊಳ್ಳುತ್ತಿತ್ತು. ಆ ನೀರು ಬಂದು ಕೆಳಗಿನ ಖಡಕ್‌ವಾಸ್ಲಾವನ್ನೂ ಒಡೆಯಿತು. ಸುಮಾರು ಅರವತ್ತು ವರ್ಷದ ಹಿಂದೆ ಅವರು ಗೇಟು ಕೂರಿಸಿದ್ದ ಅದೇ ಅಣೆಕಟ್ಟು. ಪುಣೆಯ ದೊಡ್ಡ ಭಾಗ ನೀರಲ್ಲಿ ಮುಳುಗಿತು. ಕೆಲಸ ಮುಗಿಯುವ ಮೊದಲು ಮಳೆಗಾಲ ಬಂದುಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಡ. ಧುಳೆಯ ಹುಡುಗ ತನ್ನ ಪತ್ರದಲ್ಲಿ ಹೇಳಿದ್ದ ಭಯವೂ ಅದೇ ಆಗಿತ್ತು.

1962ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ಆಯಿತು. ಅವರ ಸಮಾಧಿ, ಅವರ ಮನೆಯ ಸ್ಮಾರಕ ಎರಡೂ ಅಲ್ಲಿವೆ, ಬಸ್ಸಿನಲ್ಲಿ ಹೋಗಿ ಬರಬಹುದು.

ಅವರು ನೀರಿನಿಂದ ಊರುಗಳನ್ನು ಕಾಪಾಡುವ ವಿನ್ಯಾಸ ಕೊಟ್ಟರು. ಕಟ್ಟುವ ಕೈಗಳಿಗೆ ಹಕ್ಕು ಕೊಡುವ ಕಾನೂನು ಬೇರೆಯವರ ಹೋರಾಟದಿಂದ, ಬೇರೆ ದಾರಿಯಲ್ಲಿ ಬಂತು. ನಮ್ಮ ಪೀಳಿಗೆಗೆ ಎರಡೂ ಒಟ್ಟಿಗೆ ಸಿಕ್ಕಿವೆ. ಹಾಗಾಗಿ ಇಂಟರ್ನ್‌ಶಿಪ್‌ನ ಮೊದಲ ದಿನ ನಾವು ನಾಲ್ಕು ಪ್ರಶ್ನೆ ಕೇಳೋಣ. ಇಲ್ಲಿ ಅತಿ ದೊಡ್ಡ ಅಪಾಯ ಯಾವುದು, ಅದನ್ನು ವಿನ್ಯಾಸದಲ್ಲೇ ತೆಗೆಯೋಕೆ ಆಗುತ್ತಾ? ಇಲ್ಲಿ ಕೆಲಸ ಮಾಡುವವರಿಗೆ ಇಎಸ್‌ಐ ಅಥವಾ ವಿಮೆ ಇದೆಯಾ? ಲೇಬರ್ ಕಾರ್ಡ್ ಮಾಡಿಸಿದ್ದಾರಾ? ಅಪಾಯ ಕಂಡರೆ ಕೆಲಸ ನಿಲ್ಲಿಸಿ ಅಂತ ಯಾರಿಗೆ ಬರೆದುಕೊಡಬೇಕು?

ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೂ ಬರೆದುಕೊಡಿ. ಕೆಟ್ಟ ರಿಮಾರ್ಕ್ ಬರಬಹುದು. ಭಾರತ ರತ್ನ ಸಿಕ್ಕವರಿಗೂ ಬಂದಿತ್ತು.